ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಾಯುಮಾರ್ಗ: ದೂರ, ಧ್ರುವ ಮತ್ತು ಗಾಳಿ

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಆ ಪೈಲಟ್ ತಂಡದಲ್ಲಿ ಇದ್ದವರೆಲ್ಲ ಮಹಿಳೆಯರು. ಧ್ರುವದ ದಾರಿಯೇ ಈ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಎಂದು ತಿಳಿಯುವುದು ಸಹಜ. ಲೆಕ್ಕ ಹೇಳುವುದು ಬೇರೆ.

ಗೋಳದ ಮೇಲಿನ ಎರಡು ಸ್ಥಳಗಳನ್ನು ಕೂಡಿಸುವ ಅತಿ ಚಿಕ್ಕ ಹಾದಿ ಮಹಾವೃತ್ತದ ತುಣುಕು. ಬೆಂಗಳೂರು ನಿಲ್ದಾಣದ ಸ್ಥಾನ ಸುಮಾರು 13.2° ಉತ್ತರ, 77.7° ಪೂರ್ವ, ಸ್ಯಾನ್ ಫ್ರಾನ್ಸಿಸ್ಕೊದ್ದು 37.6° ಉತ್ತರ, 122.4° ಪಶ್ಚಿಮ. ಇವುಗಳಿಂದ ದೊರೆಯುವ ಕೋನಾಂತರ 125.8°, ಅಂದರೆ ಸುಮಾರು 14,000 ಕಿ.ಮೀ. ಈ ಹಾದಿ ಧ್ರುವವನ್ನು ಮುಟ್ಟುವುದಿಲ್ಲ. ಪೂರ್ವ ಸೈಬೀರಿಯದ ಉತ್ತರ ಕರಾವಳಿಯ ಬಳಿ ಸುಮಾರು 71° ಅಕ್ಷಾಂಶದವರೆಗೆ ಏರಿ ಇಳಿಯುತ್ತದೆ. ಸರಿಯಾಗಿ ಧ್ರುವದ ಮೇಲೆಯೇ ಹಾದರೆ ಕೋನಾಂತರ 129.2°; ಸುಮಾರು 14,360 ಕಿ.ಮೀ. ಹೆಚ್ಚಾಗುವುದು ಶೇ. 3ಕ್ಕಿಂತ ಕಡಿಮೆ.

ಇಷ್ಟು ಬಳಸಿ ಬರಲು ಕಾರಣ ಗಾಳಿಯಲ್ಲಿ ಸಿಗುತ್ತದೆ. ಮಧ್ಯ ಅಕ್ಷಾಂಶಗಳ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಜೆಟ್ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ಬಲ ಹೆಚ್ಚು. ಅಮೆರಿಕದಿಂದ ಪೆಸಿಫಿಕ್ ಮೇಲೆ ಪಶ್ಚಿಮಕ್ಕೆ ಬರುವ ವಿಮಾನಕ್ಕೆ ಅದು ಎದುರುಗಾಳಿ. ರೇಖಾಂಶದ ಗುಂಟ ನೇರ ಉತ್ತರಕ್ಕೆ ಹೋಗಿ ನೇರ ದಕ್ಷಿಣಕ್ಕೆ ಇಳಿದರೆ ಅದೇ ಗಾಳಿ ಮಗ್ಗುಲಿಗೆ ಬೀಸುತ್ತದೆ, ತಡೆ ತಗ್ಗುತ್ತದೆ. ಬೆಂಗಳೂರಿನಿಂದ ಹೊರಟಾಗ ಪೂರ್ವಕ್ಕೆ ಸಾಗಿದರೆ ಗಾಳಿ ಬೆನ್ನಿಗಿರುತ್ತದೆ. ಆಗ ಧ್ರುವದ ಹಾದಿಯಿಂದ ಲಾಭವಿಲ್ಲ.

ಇದರ ಪರಿಣಾಮವನ್ನು ಅಂದಾಜಿಸಬಹುದು. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯ ಸರಾಸರಿ 50 ಕಿ.ಮೀ. ಎಂದಿಟ್ಟುಕೊಳ್ಳೋಣ. 14,000 ಕಿ.ಮೀ.ಗೆ ಬೆನ್ನಗಾಳಿಯಲ್ಲಿ ಹಿಡಿಯುವುದು ಸುಮಾರು 14 ಗಂಟೆ 45 ನಿಮಿಷ, ಎದುರುಗಾಳಿಯಲ್ಲಿ 16 ಗಂಟೆ 30 ನಿಮಿಷ. ದೂರ ಒಂದೇ, ವ್ಯತ್ಯಾಸ ಒಂದೂಮುಕ್ಕಾಲು ಗಂಟೆ. ಧ್ರುವಕ್ಕಾಗಿ ಸುತ್ತುವ 360 ಕಿ.ಮೀ.ಗೆ ತಗಲುವುದು ಬರೀ 24 ನಿಮಿಷ.

ಆದರೂ ಧ್ರುವದ ದಾರಿ ಸಲೀಸಲ್ಲ. ಜೆಟ್ ಎ-1 ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 47° ಸೆಲ್ಸಿಯಸ್. ಟ್ಯಾಂಕಿನ ತಾಪಮಾನದ ಮೇಲೆ ಸದಾ ಕಣ್ಣಿಡಬೇಕು. ಕಾಂತೀಯ ದಿಕ್ಸೂಚಿಯನ್ನು ಅಲ್ಲಿ ನಂಬುವಂತಿಲ್ಲ. ತುರ್ತಾಗಿ ಇಳಿಯಲು ನಿಲ್ದಾಣಗಳೂ ವಿರಳ.

ವೇಳಾಪಟ್ಟಿಯಿಂದ ಹಾರಾಟದ ಅವಧಿಯನ್ನು ನೇರವಾಗಿ ಓದುವಂತಿಲ್ಲ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಯ ಅಂತರ. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದವರು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತಾರೆ.

ಆದ್ದರಿಂದ ದೂರವನ್ನು ವೇಗದಿಂದ ಭಾಗಿಸಿ ಒಂದೇ ಉತ್ತರ ಕೊಡುವುದು ಸಾಲದು. ಯಾವ ದಿಕ್ಕಿನ ಪ್ರಯಾಣ, ಯಾವ ಋತು, ಯಾವ ಮಾರ್ಗ ಎಂಬ ಮೂರನ್ನೂ ಹೇಳಿದಾಗಲೇ ಹಾರಾಟದ ಅವಧಿಗೆ ಖಚಿತ ಅರ್ಥ ಬರುತ್ತದೆ.