ಜಹ್ರಾದ ಹೂಗಳು

ಪ್ರತಿವರ್ಷ ಜನವರಿಯ ಕೊನೆಗೆ ಬೆಂಗಳೂರಿನಿಂದ ಬರುವ ಫೋನುಗಳಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಸುದ್ದಿ ಇದ್ದೇ ಇರುತ್ತದೆ. ಈ ಸಲ ಗಾಜಿನ ಮನೆಯಲ್ಲಿ ಹೂವಿನಿಂದ ಏನು ಕಟ್ಟಿದ್ದಾರೆ, ಟಿಕೆಟ್ಟಿಗೆ ಸಾಲು ಎಷ್ಟಿತ್ತು, ಮಕ್ಕಳು ಎಲ್ಲಿ ಕಳೆದುಹೋಗಿ ಎಲ್ಲಿ ಸಿಕ್ಕರು ಎಂಬುದೆಲ್ಲ ವಿವರವಾಗಿ ಬರುತ್ತದೆ. ಕೇಳಿಸಿಕೊಂಡ ನಮ್ಮವರು "ಈ ಮರಳುಗಾಡಿನಲ್ಲಿ ನಮಗೆಲ್ಲಿಯ ಹೂವು" ಎಂದು ನಿಟ್ಟುಸಿರು ಬಿಡುವುದೂ ವಾಡಿಕೆ. ಈ ಮಾತನ್ನು ಒಪ್ಪಲು ನಮಗೆ ಮನಸ್ಸಿಲ್ಲ. ಕುವೈತಿನಲ್ಲಿಯೂ ವಸಂತ ಬರುತ್ತದೆ, ಹೂವೂ ಬರುತ್ತದೆ. ಅದನ್ನು ಸರಿಯಾಗಿ ನೋಡಬೇಕಾದರೆ ಜಹ್ರಾ ರಸ್ತೆ ಹಿಡಿಯಬೇಕು, ಜೊತೆಗೆ ಸ್ವಲ್ಪ ಚರಿತ್ರೆಯೂ ಗೊತ್ತಿರಬೇಕು. ಏಕೆಂದರೆ ಈ ನಾಡಿನಲ್ಲಿ ಹೂವಿನ ಚರಿತ್ರೆ ಎಂದರೆ ನೀರಿನ ಚರಿತ್ರೆ.

ರಾಜಧಾನಿಯಿಂದ ಪಶ್ಚಿಮಕ್ಕೆ ಸುಮಾರು 32 ಕಿ.ಮೀ. ದೂರದಲ್ಲಿ, ಕೊಲ್ಲಿಯ ತುದಿಯಲ್ಲಿರುವ ಜಹ್ರಾ ಮೊದಲಿನಿಂದಲೂ ಬೇಸಾಯದ ಊರು. ಬಾವಿ ತೋಡಿದರೆ ನೀರು ಸಿಗುತ್ತಿತ್ತು. ಖರ್ಜೂರದ ತೋಪು, ಬಾರ್ಲಿ, ಕುದುರೆಮೇವು, ತರಕಾರಿ ಬೆಳೆಯುತ್ತಿದ್ದರು. ಇದರ ಸಮೀಪದ ಕಾಝ್ಮಾ ಹಳೆಯ ಅರಬ್ಬಿ ಕವಿಗಳ ಕಾವ್ಯದಲ್ಲಿ ಬರುವ ಹೆಸರು. ಆದರೆ ಸಮುದ್ರದಂಡೆಯ ಕುವೈತ್ ಪಟ್ಟಣಕ್ಕೆ ಈ ಭಾಗ್ಯವಿರಲಿಲ್ಲ. ಅಲ್ಲಿಯ ಬಾವಿಗಳು ಉಪ್ಪು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕುಡಿಯುವ ನೀರು ಶತ್ ಅಲ್ ಅರಬ್ ನದಿಯಿಂದ ಹಾಯಿಹಡಗಿನಲ್ಲಿ ಬರುತ್ತಿತ್ತು. ಬಂದ ನೀರನ್ನು ಚರ್ಮದ ಚೀಲದಲ್ಲಿ ತುಂಬಿ, ಕತ್ತೆಯ ಮೇಲೆ ಹೇರಿ ಮನೆಮನೆಗೆ ಮಾರುತ್ತಿದ್ದರು. ಇಂಥ ಊರಿನಲ್ಲಿ ಹೂವಿನ ಮಡಿಗೆ ನೀರು ಹಾಕುವ ಮಾತನ್ನು ಯಾರಾದರೂ ಆಡಿದ್ದರೆ ಅವರ ತಲೆ ಸರಿಯಿದೆಯೇ ಎಂದು ಕೇಳುತ್ತಿದ್ದರು.

ನೀರಿದ್ದ ಊರಿನ ಮೇಲೆ ಎಲ್ಲರ ಕಣ್ಣು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜಹ್ರಾದಲ್ಲಿ ಮಣ್ಣಿನ ಕೋಟೆಯೊಂದು ಎದ್ದಿತು. ಮಣ್ಣಿನ ಬಣ್ಣದಿಂದಾಗಿ ಅದು ಕಸ್ರ್ ಅಲ್ ಅಹ್ಮರ್, ಅಂದರೆ ಕೆಂಪು ಕೋಟೆ. ದೆಹಲಿಯ ಕೆಂಪುಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇದು ಒಂದು ದೊಡ್ಡ ತೊಟ್ಟಿಮನೆಯಂತೆ ಕಂಡೀತು. ಆದರೆ ಈ ದೇಶದ ಪಾಲಿಗೆ ಇದರ ತೂಕ ದೊಡ್ಡದು. 1920ರ ಅಕ್ಟೋಬರ್ 10ರಂದು ಫೈಸಲ್ ಅಲ್ ದುವೈಶ್ ನಾಯಕತ್ವದ ಇಖ್ವಾನ್ ಪಡೆ ಜಹ್ರಾದ ಮೇಲೆ ಬಿತ್ತು. ಕಾದಾಟ ಮೊದಲು ಖರ್ಜೂರದ ತೋಪುಗಳ ಸುತ್ತ ನಡೆಯಿತು. ಬಳಿಕ ಶೇಖ್ ಸಾಲಿಂ ಅಲ್ ಮುಬಾರಕ್ ಮತ್ತು ಅವರ ಜನ ಕೋಟೆಯೊಳಗೆ ಸೇರಿಕೊಂಡು, ನೀರಿನ ಕೊರತೆಯಲ್ಲಿಯೂ ಬಿಡದೆ ನಿಂತರು. ಕೋಟೆ ಬೀಳಲಿಲ್ಲ.

ಅದೇ ವರ್ಷ, ಈ ಕಾಳಗಕ್ಕೆ ಕೆಲವು ತಿಂಗಳು ಮೊದಲು, ಪಟ್ಟಣದ ಜನ ದಾಳಿಯ ಭಯದಿಂದ ಊರ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದ್ದರು. ಕೊಲ್ಲಿಯ ಒಂದು ದಡದಿಂದ ಇನ್ನೊಂದು ದಡದವರೆಗೆ ಆರು ಕಿ.ಮೀ.ಗೂ ಉದ್ದದ ಗೋಡೆ. ರಂಜಾನ್ ಉಪವಾಸದ ದಿನಗಳಲ್ಲಿಯೂ ಕೆಲಸ ನಿಲ್ಲಲಿಲ್ಲ. ಗೋಡೆಯಲ್ಲಿ ಬಾಗಿಲುಗಳು, ಪಶ್ಚಿಮದ ಕಡೆ ತೆರೆಯುತ್ತಿದ್ದುದು ಜಹ್ರಾ ಬಾಗಿಲು. ನಾವೆಲ್ಲ ವಾರಕ್ಕೆರಡು ಸಲ ಶೆರಟನ್ ರೌಂಡ್ ಅಬೌಟ್ ಎಂದು ಬಾಯಿತುಂಬ ಹೇಳುವ ಜಾಗದಲ್ಲಿ ನಿಂತಿರುವ ಆ ಪುಟ್ಟ ಕಟ್ಟಡವೇ ಅದು. ಅಲ್ಲಿಂದ ಊರೊಳಗೆ ಹೋಗುವ ಫಹದ್ ಅಲ್ ಸಾಲಿಂ ಬೀದಿಯ ಹಳೆಯ ಹೆಸರು ಜಹ್ರಾ ಬೀದಿ. ಎಷ್ಟು ಸಾವಿರ ಸಲ ಬಸ್ಸಿನಲ್ಲಿ ಅದನ್ನು ಸುತ್ತಿಹೋದರೂ ನಮ್ಮಲ್ಲಿ ಹೆಚ್ಚಿನವರು ಅದರ ಹೆಸರು ಕೇಳಿದವರಲ್ಲ.

ಎಣ್ಣೆಯ ಹಣ ಬಂದಮೇಲೆ ಗೋಡೆ ಬೇಡವಾಯಿತು. 1952ರಲ್ಲಿ ಬ್ರಿಟಿಷ್ ಯೋಜಕರು ಸಿದ್ಧಪಡಿಸಿದ ನಗರಯೋಜನೆಯಲ್ಲಿ ಗೋಡೆಯ ಗುಂಟ ಒಂದು ಹಸಿರು ಪಟ್ಟಿ ಇರಬೇಕೆಂದು ಗುರುತು ಹಾಕಿದ್ದರು. 1957ರಲ್ಲಿ ಗೋಡೆಯನ್ನು ಕೆಡವಿ ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಗೋಡೆ ಇದ್ದಲ್ಲಿ ಇಂದು ಇರುವ ರಸ್ತೆಯ ಹೆಸರು ಸೂರ್ ಸ್ಟ್ರೀಟ್. ಅರಬ್ಬಿಯಲ್ಲಿ ಸೂರ್ ಎಂದರೆ ಊರಗೋಡೆ. ಅದರ ಪಕ್ಕದ ಹಸಿರು ಪಟ್ಟಿ ಬಹುಕಾಲ ಸಾಮಾನ್ಯ ತೋಪಿನಂತೆ ಇದ್ದು, 2015ರಲ್ಲಿ ಅಲ್ ಶಹೀದ್ ಪಾರ್ಕ್ ಆಗಿ ಹೊಸರೂಪ ಪಡೆಯಿತು. 2017ರಲ್ಲಿ ಅದರ ಎರಡನೆಯ ಹಂತವೂ ತೆರೆಯಿತು. ಹುತಾತ್ಮರ ಹೆಸರಿನ ಈ ತೋಟದಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಹೂವಿನ ಮಡಿಗಳು ತುಂಬಿ ನಿಲ್ಲುತ್ತವೆ, ಒಳಗಿನ ಸ್ಮರಣ ಸಂಗ್ರಹಾಲಯದಲ್ಲಿ ಜಹ್ರಾ ಕಾಳಗದ ಕಥೆಯೂ ಇದೆ. ಸಂಜೆ ಮಕ್ಕಳನ್ನು ಆಡಲು ಬಿಡುವ ಜಾಗ ಒಂದು ಕಾಲದಲ್ಲಿ ಜಹ್ರಾ ದಿಕ್ಕಿನಿಂದ ಶತ್ರು ಬಂದಾನೆಂದು ಕಾವಲು ಕಾಯುತ್ತಿದ್ದ ಗಡಿ.

ಹಾಗಾದರೆ ಈ ಮಡಿಗಳಿಗೆ ನೀರೆಲ್ಲಿಯದು? 1953ರಲ್ಲಿ ಇಲ್ಲಿ ಸಮುದ್ರದ ನೀರನ್ನು ಬಟ್ಟಿ ಇಳಿಸಿ ಊರಿಗೆ ಕೊಡುವ ಕೆಲಸ ಆರಂಭವಾಯಿತು. ಹಡಗಿನ ನೀರಿನ ಕಾಲ ಅಲ್ಲಿಗೆ ಮುಗಿಯಿತು. ಆದರೆ ಎಣ್ಣೆ ಸುಟ್ಟು ಮಾಡಿದ ಸಿಹಿನೀರನ್ನು ಹೂವಿಗೆ ಸುರಿಯುವುದು ದುಬಾರಿ. ಇದಕ್ಕೆ ದೊಡ್ಡ ಪರಿಹಾರ ದೊರೆತದ್ದು ಜಹ್ರಾ ಪ್ರಾಂತದಲ್ಲಿಯೇ. ಸುಲೈಬಿಯಾದಲ್ಲಿ 2005ರ ಹೊತ್ತಿಗೆ ಕೆಲಸ ಆರಂಭಿಸಿದ ಶುದ್ಧೀಕರಣ ಘಟಕ ಈ ಬಗೆಯವುಗಳಲ್ಲಿ ಜಗತ್ತಿನ ಅತಿ ದೊಡ್ಡವುಗಳ ಸಾಲಿಗೆ ಸೇರುತ್ತದೆ. ನಮ್ಮ ನಿಮ್ಮ ಮನೆಗಳ ಬಚ್ಚಲ ನೀರು ಅಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ಹಾದು ತಿಳಿಯಾಗಿ, ಹೊಲಕ್ಕೂ ಗಿಡಗಳಿಗೂ ಹರಿಯುತ್ತದೆ. ಊರಿನಲ್ಲಿ ಅಜ್ಜಿಯಂದಿರು ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು ನೆಟ್ಟು ಮಾಡುತ್ತಿದ್ದುದೂ ಇದನ್ನೇ. ಜಹ್ರಾದ ಅಂಚಿನಲ್ಲಿ ಇಂಥ ನೀರು ನಿಂತು ಜೊಂಡು ಬೆಳೆದು ಆದ ಕೊಳಗಳನ್ನು 1987ರಲ್ಲಿ ರಕ್ಷಿತ ತಾಣವೆಂದು ಘೋಷಿಸಿದರು. ವಲಸೆಯ ಹಕ್ಕಿಗಳಿಗೆ ಅದು ಈಗ ತವರುಮನೆ.

ಫೆಬ್ರವರಿಯಲ್ಲಿ ಜಹ್ರಾ ರಸ್ತೆಯ ನಡುವಿನ ಪಟ್ಟಿಗಳಲ್ಲಿ ಸಾಲಾಗಿ ಅರಳುವ ಬಿಳಿ, ಗುಲಾಬಿ, ನೇರಳೆ ಹೂಗಳು ಬಹುಪಾಲು ಪೆಟೂನಿಯಾ. 25ರ ರಾಷ್ಟ್ರೀಯ ದಿನ, 26ರ ವಿಮೋಚನಾ ದಿನದ ಹೊತ್ತಿಗೆ ಅವು ಭರ್ತಿಯಾಗಿರುತ್ತವೆ. ದಕ್ಷಿಣ ಅಮೆರಿಕದ ಹೂವನ್ನು ತಂದು ಇಲ್ಲೇಕೆ ನೆಡಬೇಕೆಂದು ಮೂಗು ಮುರಿಯುವವರಿದ್ದಾರೆ. ನಾವು ಬೆಂಗಳೂರು ಕಂಡವರು ಹಾಗೆ ಮೂಗು ಮುರಿಯುವಂತಿಲ್ಲ. ಬೆಂಗಳೂರಿನ ಬೀದಿಗಳ ಜಕರಂಡವೂ ದಕ್ಷಿಣ ಅಮೆರಿಕದ್ದೇ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಟಿಪ್ಪು ಪರದೇಶಗಳಿಂದ ಗಿಡ ತರಿಸಿದ. ಲಂಡನ್ನಿನ ಕ್ಯೂ ತೋಟದಿಂದ ಬಂದ ಜಾನ್ ಕ್ಯಾಮೆರಾನ್ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅವರ ನಂತರ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂದು ಲೆಕ್ಕಹಾಕಿ ಬೀದಿಮರ ನೆಡಿಸಿದರು. ಹೂವಿಗೆ ಪಾಸ್‌ಪೋರ್ಟ್ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲದೆ ಇಲ್ಲಿ ಬಿಸಿಲಲ್ಲಿ ಬಗ್ಗಿ ಆ ಪೆಟೂನಿಯಾ ಸಸಿಗಳನ್ನು ಊರುವ ಕೈಗಳೂ ಹೆಚ್ಚಾಗಿ ನಮ್ಮ ಉಪಖಂಡದಿಂದ ಬಂದವು. ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಆ ತಮ್ಮಂದಿರಿಗೆ ಒಂದು ಸಲಾಮ್ ಹೇಳಿದರೆ ಕಳೆದುಕೊಳ್ಳುವುದೇನಿಲ್ಲ.

ಇಷ್ಟು ನೆಟ್ಟ ಹೂವಿನ ಮಾತು. ಕೊಳವೆಯ ನೀರು ಕೇಳದ ಇನ್ನೊಂದು ಪ್ರದರ್ಶನ ಜಹ್ರಾ ದಾಟಿದ ಮೇಲೆ, ಮುತ್ಲಾ ದಿಬ್ಬ ಮತ್ತು ಜಾಲ್ ಅಝ್ ಝೋರ್ ಏಣುಗಳ ಕಡೆ ಇದೆ. ಕುವೈತಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 110ರಿಂದ 120 ಮಿ.ಮೀ. ನಮ್ಮ ಉಡುಪಿಯಲ್ಲಿ ಬೀಳುವುದು ಸುಮಾರು 4000 ಮಿ.ಮೀ. ಅಂದರೆ ಆಷಾಢದಲ್ಲಿ ಅಲ್ಲಿ ಒಂದೇ ದಿನ ಸುರಿಯಬಹುದಾದಷ್ಟು ನೀರು ಇಲ್ಲಿ ಇಡೀ ವರ್ಷಕ್ಕೆ. ಅದೂ ಯಾವಾಗ ಬೀಳುತ್ತದೆ ಎನ್ನುವುದು ಮುಖ್ಯ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗಿನ ಅವಧಿಗೆ ಇಲ್ಲಿಯ ಜನ ವಸ್ಮ್ ಎನ್ನುತ್ತಾರೆ. ನಮ್ಮ ರೈತರು ಸ್ವಾತಿ, ವಿಶಾಖ ಎಂದು ಮಳೆ ಎಣಿಸುವ ಹಾಗೆಯೇ ಇದು. ವಸ್ಮ್ ಮಳೆ ಬಂದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದ ಬೀಜಗಳು ಏಳುತ್ತವೆ, ಕೆಲವೇ ವಾರಗಳಲ್ಲಿ ಹೂಬಿಟ್ಟು, ಬೀಜ ಉದುರಿಸಿ ಮತ್ತೆ ಮಲಗುತ್ತವೆ. ಬಾರದಿದ್ದರೆ ಆ ವರ್ಷ ಪ್ರದರ್ಶನ ರದ್ದು. ನೆಲದಡಿಯಲ್ಲಿ ಬೆಳೆಯುವ ಫಗ ಎಂಬ ಅಣಬೆಯೂ ಈ ಮಳೆಯ ಕೂಸೇ. ಗುಡುಗು ಹೆಚ್ಚಾದಷ್ಟೂ ಫಗ ಹೆಚ್ಚು ಎಂದು ಬದೂಯಿಗಳು ನಂಬುತ್ತಾರೆ. ಗುಡುಗಿದ ಮೇಲೆ ಗುಡ್ಡೆಗೆ ಹೋಗಿ ಮಣ್ಣು ಕೆದಕಿ ಕಲ್ಲಣಬೆ ಹುಡುಕಿದ ಕರಾವಳಿಯ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಈ ಕಾಡುಹೂಗಳ ಲೆಕ್ಕ ಬರೆದಿಟ್ಟವರಲ್ಲಿ ವಯೊಲೆಟ್ ಡಿಕ್ಸನ್ ಹೆಸರು ದೊಡ್ಡದು. 1929ರಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟರಾಗಿ ಬಂದ ಹೆರಾಲ್ಡ್ ಡಿಕ್ಸನ್ನರ ಹೆಂಡತಿ ಈಕೆ. ಗಂಡ 1959ರಲ್ಲಿ ತೀರಿಕೊಂಡ ಮೇಲೂ ಊರು ಬಿಡಲಿಲ್ಲ. ಇಲ್ಲಿಯ ಜನ ಅವರನ್ನು ಉಮ್ಮ್ ಸೌದ್ ಎಂದು, ಮಗನ ಹೆಸರು ಹಿಡಿದು ತಾಯಿಯನ್ನು ಕರೆಯುವ ತಮ್ಮ ರೂಢಿಯಂತೆ ಕರೆದರು. ಆಕೆ ಮರಳುಗಾಡಿನ ಗಿಡಗಳನ್ನು ಒಣಗಿಸಿ ಕ್ಯೂ ತೋಟಕ್ಕೆ ಕಳಿಸಿದರು. ಬದೂಯಿಗಳು ಖುಝಾಮಾ ಎನ್ನುವ ನೇರಳೆ ಹೂವಿನ ಗಿಡಕ್ಕೆ ವಿಜ್ಞಾನಿಗಳು ಆಕೆಯ ಹೆಸರನ್ನೇ ಸೇರಿಸಿ ಹಾರ್ವುಡಿಯಾ ಡಿಕ್ಸೋನಿಯೇ ಎಂದು ಕರೆದರು. ಕುವೈತ್ ಮತ್ತು ಬಹರೈನಿನ ಕಾಡುಹೂಗಳನ್ನು ಕುರಿತ ಆಕೆಯ ಪುಸ್ತಕ ಬಂದದ್ದು 1955ರಲ್ಲಿ. ಕ್ಯೂ ತೋಟದಿಂದ ಲಾಲ್‌ಬಾಗಿಗೆ ಮಾಲಿಗಳು ಬಂದರು. ಇಲ್ಲಿಂದ ಕ್ಯೂ ತೋಟಕ್ಕೆ ಹೂಗಳು ಹೋದವು. 1990ರ ಆಕ್ರಮಣದ ನಂತರ ವಯಸ್ಸಾಗಿ ಕಾಯಿಲೆ ಬಿದ್ದಿದ್ದ ಆಕೆಯನ್ನು ಇಂಗ್ಲೆಂಡಿಗೆ ಸಾಗಿಸಿದರು. ವಿಮೋಚನೆಯನ್ನು ಕಾಣದೆ 1991ರ ಜನವರಿಯಲ್ಲಿ ತೀರಿಹೋದರು.

1990 ಎಂದೊಡನೆ ನಮ್ಮ ಹಿರಿಯ ಸದಸ್ಯರ ಮುಖ ಬದಲಾಗುತ್ತದೆ. ಅವರಲ್ಲಿ ಹಲವರ ಪಾಲಿಗೆ ಜಹ್ರಾ, ಮುತ್ಲಾ ಎಂದರೆ ಹೂವಿನ ನೆನಪಲ್ಲ. ಆ ಆಗಸ್ಟಿನಲ್ಲಿ ಕೈಗೆ ಸಿಕ್ಕಷ್ಟು ಗಂಟು ಕಟ್ಟಿಕೊಂಡು ಬಸ್ಸು ಹತ್ತಿ, ಇದೇ ರಸ್ತೆಯಲ್ಲಿ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್ ಸೇರಿದ ನೆನಪು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ತಾಯ್ನಾಡಿಗೆ ಮುಟ್ಟಿಸಿದವು. 1991ರ ಫೆಬ್ರವರಿ ಕೊನೆಯಲ್ಲಿ ಓಡಿಹೋಗುತ್ತಿದ್ದ ಇರಾಕಿ ಸೇನೆಯ ವಾಹನಗಳು ಸುಟ್ಟು ಸಾಲುಗಟ್ಟಿ ನಿಂತದ್ದೂ ಇದೇ ಮುತ್ಲಾ ದಿಬ್ಬದಲ್ಲಿ. ಹೊತ್ತಿ ಉರಿದ ಎಣ್ಣೆಬಾವಿಗಳು ಆರುನೂರಕ್ಕೂ ಹೆಚ್ಚು. ಕೊನೆಯದನ್ನು ನವೆಂಬರ್ 6ರಂದು ಮುಚ್ಚಿದರು. ಮರಳಿ ಬಂದವರು ಡಾಂಬರು ಬಿಟ್ಟು ಮರಳಿಗೆ ಕಾಲಿಡಲು ಹೆದರುತ್ತಿದ್ದರು, ಎಲ್ಲಿ ನೆಲಬಾಂಬು ಇದೆಯೋ ಎಂದು.

ಮರಳುಗಾಡಿನ ಮೇಲ್ಮಣ್ಣು ತೆಳುವಾದದ್ದು. ಟ್ಯಾಂಕು, ಕಂದಕ, ಎಣ್ಣೆಮಸಿ ಸೇರಿ ಅದನ್ನು ಕೆಡಿಸಿದವು. ಇರಾಕಿನಿಂದ ಯುದ್ಧಪರಿಹಾರ ಕೊಡಿಸಲು ವಿಶ್ವಸಂಸ್ಥೆ ನೇಮಿಸಿದ ಆಯೋಗ ಪರಿಸರದ ಹಾನಿಗೂ ಹಣ ಗೊತ್ತುಮಾಡಿತು. ಇರಾಕ್ ಕೊನೆಯ ಕಂತು ತೀರಿಸಿದ್ದು 2022ರಲ್ಲಿ. ಆದರೆ ಯುದ್ಧವೊಂದನ್ನೇ ದೂರಿದರೆ ನ್ಯಾಯವಾಗದು. ಮಿತಿಮೀರಿದ ಕುರಿ-ಒಂಟೆಗಳ ಮೇಯಿಸುವಿಕೆ, ಡೇರೆಗಳ ಸಾಲು, ಗಾಳಿಯ ವೇಗದಲ್ಲಿ ಮರಳ ಮೇಲೆ ಸುತ್ತುವ ಜೀಪುಗಳು ಯುದ್ಧ ಮುಗಿದು ಮೂರು ದಶಕಗಳ ಮೇಲೂ ಮಾಡುತ್ತಿರುವ ಕೆಲಸ ಅದೇ. ಕುವೈತಿನ ರಾಷ್ಟ್ರಪುಷ್ಪ ಅರ್ಫಜ್. ಮೊಣಕಾಲೆತ್ತರದ, ಒಣಕಲಿನಂತೆ ಕಾಣುವ ಪೊದೆ, ಹಳದಿ ಹೂ. ಬದೂಯಿಗಳಿಗೆ ಇದೇ ಸೌದೆ, ಒಂಟೆಗೆ ಇದೇ ಮೇವು. ಒಂದು ಕಾಲದಲ್ಲಿ ಕಣ್ಣು ಹಾಯುವವರೆಗೆ ಇದ್ದ ಈ ಗಿಡ ಬಯಲಿನಲ್ಲಿ ಇಂದು ಅಪರೂಪವಾಗಿದೆ. ಚೆನ್ನಾಗಿ ಉಳಿದಿರುವುದು ಬೇಲಿಯ ಒಳಗೆ. ಜಹ್ರಾದಾಚೆ ಕೊಲ್ಲಿಯ ಉತ್ತರಕ್ಕೆ ಮುನ್ನೂರು ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರವಿರುವ ಸಬಾಹ್ ಅಲ್ ಅಹ್ಮದ್ ರಕ್ಷಿತ ಪ್ರದೇಶದಲ್ಲಿ ಬೇಲಿ ಹಾಕಿ ಮೇವು ನಿಲ್ಲಿಸಿದ ಮೇಲೆ ಅರ್ಫಜ್ ತಾನಾಗಿಯೇ ಚಿಗುರಿ ಹರಡಿತು. ಬೇಲಿಯ ಈಚೆ ಬರೀ ಮರಳು, ಆಚೆ ಹಳದಿ.

1920ರಲ್ಲಿ ಮನುಷ್ಯರನ್ನು ಉಳಿಸಲು ಗೋಡೆ ಬೇಕಾಯಿತು. ಈಗ ಹೂವನ್ನು ಮನುಷ್ಯರಿಂದ ಉಳಿಸಲು ಬೇಲಿ ಬೇಕಾಗಿದೆ. ಆದ್ದರಿಂದ ಜಹ್ರಾದ ಕಡೆ ಹೂ ನೋಡಲು ಹೊರಡುವ ಕುಟುಂಬಗಳಿಗೆ ಕೆಲವು ಮಾತು. ಡೇರೆಗಳ ಕಾಲ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ. ನುವೈರ್ ಎಂಬ ಚಿಕ್ಕ ಹಳದಿ ಹೂವೂ ಖುಝಾಮಾವೂ ಮಳೆಯಾದ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಸಿಗುತ್ತವೆ. ಅರ್ಫಜ್ ಅರಳುವುದು ಡೇರೆಗಳು ಎದ್ದುಹೋದ ಮೇಲೆ, ನಮ್ಮ ಯುಗಾದಿಯ ಆಸುಪಾಸಿನಿಂದ ಮುಂದಕ್ಕೆ. ರಕ್ಷಿತ ಪ್ರದೇಶದ ಒಳಗೆ ಹೋಗಲು ಅನುಮತಿ ಬೇಕು. ಹೊರಗಡೆಯಾದರೆ ಕಾರು ಡಾಂಬರಿನ ಮೇಲೆಯೇ ನಿಲ್ಲಲಿ. ಯುದ್ಧಕಾಲದ ಲೋಹದ ತುಂಡು ಏನೇ ಕಂಡರೂ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ದೇವರ ಪೂಜೆಗೆಂದು ಬುಡಸಮೇತ ಕಿತ್ತು ತರುವ ಅಭ್ಯಾಸವನ್ನು ಆ ಒಂದು ದಿನ ಬದಿಗಿಡಿ. ಪೂಜೆಗೆ ಸೇವಂತಿಗೆ, ಮಲ್ಲಿಗೆ ಊರಿನಿಂದ ವಿಮಾನದಲ್ಲಿ ಬರುತ್ತಲೇ ಇದೆ.