ಕೊನೆಯ ಪುಟದ ಸುದ್ದಿ

ಸಂಘದ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಮೂರು ವರ್ಷದಿಂದ ಕೇಳುತ್ತಿದ್ದರು. "ನಾನು ಸ್ಟೋರ್‌ಕೀಪರ್ ಸಾರ್, ಪೈಪು, ಕೇಬಲ್ಲು, ಸೇಫ್ಟಿ ಶೂ ಲೆಕ್ಕ ಬಿಟ್ಟರೆ ನನಗೇನು ಗೊತ್ತು" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಅವರು ಬಿಡಲಿಲ್ಲ. "ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೀರಂತಲ್ಲ, ಅದರ ಬಗ್ಗೆನೇ ಬರೀರಿ" ಅಂದರು. ಹಾಗಾಗಿ ಸಮಾಜಶಾಸ್ತ್ರಜ್ಞರ ಸಂಘಗಳ ಇತಿಹಾಸ ಬರೆಯುತ್ತಿದ್ದೇನೆ. ಇದು ನಮಗ್ಯಾಕೆ ಎಂದು ಪುಟ ತಿರುಗಿಸಬೇಡಿ, ಕೊನೆಗೆ ನಮ್ಮ ವಿಷಯಕ್ಕೇ ಬರುತ್ತೇನೆ.

1990ರ ದಶಕದ ಕೊನೆಯಲ್ಲಿ ನಾನು ಮಂಗಳಗಂಗೋತ್ರಿಯಲ್ಲಿ ಓದುತ್ತಿದ್ದಾಗ ವಿಭಾಗಕ್ಕೆ ಸಂಘದ ಪತ್ರಿಕೆ, ಸುತ್ತೋಲೆಗಳು ಬರುತ್ತಿದ್ದವು. ಮುಂದಿನ ಪುಟಗಳಲ್ಲಿ ದೊಡ್ಡವರ ಲೇಖನ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಸದಸ್ಯರಿಗೆ ಸುದ್ದಿ: ಮುಂದಿನ ಸಮ್ಮೇಳನ ಎಲ್ಲಿ, ಪ್ರಬಂಧ ಕಳಿಸಲು ಕೊನೆಯ ದಿನ ಯಾವುದು, ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು, ಎಲ್ಲಿ ಹುದ್ದೆ ಖಾಲಿ ಇದೆ, ಯಾರು ತೀರಿಕೊಂಡರು. ನಾವು ಹುಡುಗರು ಮೊದಲು ಓದುತ್ತಿದ್ದುದೇ ಆ ಕೊನೆಯ ಪುಟವನ್ನು.

ಇಂಥ ಸಂಘಗಳು ಹುಟ್ಟಿದ್ದು ಹೇಗೆ? ಅಮೆರಿಕದ ಸಂಘ 1905ರ ಡಿಸೆಂಬರಿನಲ್ಲಿ ಬಾಲ್ಟಿಮೋರ್ ನಗರದಲ್ಲಿ ಶುರುವಾಯಿತು. ಸೇರಿದ್ದವರು ಸುಮಾರು ಐವತ್ತು ಜನ. ಅದರ ಮೊದಲ ಅಧ್ಯಕ್ಷ ಲೆಸ್ಟರ್ ವಾರ್ಡ್ ಬಡ ಮನೆಯಿಂದ ಬಂದವರು. ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ರಾತ್ರಿ ಕಾಲೇಜು, ಹೀಗೆ ಓದಿದವರು. ಡ್ಯೂಟಿ ಮುಗಿಸಿ ರೂಮಿನಲ್ಲಿ ಪುಸ್ತಕ ಬಿಡಿಸುವ ನಮ್ಮ ಹುಡುಗರು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಡಬ್ಲ್ಯು.ಇ.ಬಿ. ಡುಬಾಯ್ಸ್ ಎಂಬ ಕಪ್ಪು ವಿದ್ವಾಂಸರು ಫಿಲಡೆಲ್ಫಿಯಾದಲ್ಲಿ ಮನೆ ಮನೆ ಹತ್ತಿಳಿದು, ಕಪ್ಪು ಜನರ ಕೂಲಿ, ಬಾಡಿಗೆ, ಕುಟುಂಬ ಎಲ್ಲವನ್ನೂ ದಾಖಲಿಸಿ 1899ರಲ್ಲಿ ದೊಡ್ಡ ಪುಸ್ತಕ ಪ್ರಕಟಿಸಿದರು. ಸಂಘ ಹುಟ್ಟುವ ಆರು ವರ್ಷ ಮೊದಲೇ ಆ ಕೆಲಸ ಆಗಿತ್ತು. ಆದರೂ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅವರಿಗೊಂದು ಕಾಯಂ ಕುರ್ಚಿ ಸಿಗಲಿಲ್ಲ. ಸಂಘಕ್ಕೆ ಕಪ್ಪು ಅಧ್ಯಕ್ಷರು ಬರಲು 1948ರವರೆಗೆ ಕಾಯಬೇಕಾಯಿತು. ಅವರು ಇ. ಫ್ರಾಂಕ್ಲಿನ್ ಫ್ರೇಜಿಯರ್. ಮೊದಲ ಮಹಿಳಾ ಅಧ್ಯಕ್ಷೆ ಡೊರೊತಿ ಸ್ವೇನ್ ಥಾಮಸ್ ಬಂದದ್ದು 1952ರಲ್ಲಿ. ಊರು ಬಿಟ್ಟು ಊರಿಗೆ ಹೋಗುವ ಜನರ ವಲಸೆಯನ್ನೇ ಅಧ್ಯಯನ ಮಾಡಿದವರು ಅವರು. 1970ರ ದಶಕದಲ್ಲಿ ಸಂಘ ಹಿಂದುಳಿದ ಜನಾಂಗಗಳ ವಿದ್ಯಾರ್ಥಿಗಳಿಗಾಗಿಯೇ ಫೆಲೋಶಿಪ್ ಶುರು ಮಾಡಿತು. ಆದರೆ ಸಂಘದ ಒಂದು ದೊಡ್ಡ ಪ್ರಶಸ್ತಿಗೆ ಡುಬಾಯ್ಸ್ ಹೆಸರಿಡಲು ಶತಮಾನವೇ ಕಳೆಯಬೇಕಾಯಿತು.

ಇನ್ನು ನಮ್ಮ ಕಡೆಗೆ ಬರೋಣ. ಮುಂಬಯಿ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾಯಿತು. ಮೊದಲು ನಡೆಸಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. 1924ರಲ್ಲಿ ಜಿ.ಎಸ್. ಘುರ್ಯೆ ಮುಖ್ಯಸ್ಥರಾದರು. ಅವರೇ 1951ರಲ್ಲಿ ಇಂಡಿಯನ್ ಸೋಷಿಯಲಾಜಿಕಲ್ ಸೊಸೈಟಿ ಕಟ್ಟಿದರು, ಮರುವರ್ಷ ಅದರ ಪತ್ರಿಕೆ 'ಸೋಷಿಯಲಾಜಿಕಲ್ ಬುಲೆಟಿನ್' ಹೊರಬಂತು. ಅದೇ ದಶಕದಲ್ಲಿ ಉತ್ತರ ಭಾರತದ ಪ್ರಾಧ್ಯಾಪಕರು ಬೇರೆಯಾಗಿ ಅಖಿಲ ಭಾರತ ಸಮ್ಮೇಳನ ನಡೆಸತೊಡಗಿದರು. ಎರಡು ಗುಂಪು, ಎರಡು ಪಟ್ಟಿ! 1960ರ ದಶಕದ ದ್ವಿತೀಯಾರ್ಧದಲ್ಲಿ ಎರಡೂ ಒಂದಾದವು. ನಮ್ಮಲ್ಲೂ ಸಂಘ ಒಡೆದು ಮತ್ತೆ ಕೂಡಿದ್ದನ್ನು ಕಂಡವರಿಗೆ ಇದೇನೂ ಹೊಸ ಕಥೆಯಲ್ಲ.

ಆ ಒಂದಾಗುವ ಕಾಲದಲ್ಲಿ ಘುರ್ಯೆ ನಂತರ ಅಧ್ಯಕ್ಷರಾದವರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ 1916ರಲ್ಲೇ ಹುಟ್ಟಿದವರು. ಮೈಸೂರಿನಲ್ಲಿ ಓದಿ, ಮುಂಬಯಿಗೆ ಘುರ್ಯೆ ಹತ್ತಿರ ಹೋಗಿ, ಮೈಸೂರಿನ ಮದುವೆ ಮತ್ತು ಕುಟುಂಬದ ಮೇಲೆ ಬರೆದದ್ದು 1942ರಲ್ಲಿ ಪುಸ್ತಕವಾಯಿತು. ಆಮೇಲೆ ಆಕ್ಸ್‌ಫರ್ಡ್, ಬರೋಡಾ, ದೆಹಲಿ, ಕೊನೆಗೆ ಬೆಂಗಳೂರು. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ಜನ ಬದುಕುವ ರೀತಿಯನ್ನು ಕಣ್ಣಾರೆ ನೋಡಿ ಬರೆದದ್ದರಿಂದಲೇ ಅವರು ಜಗತ್ತಿಗೆ ಗೊತ್ತಾದರು. ಇಂದು ಸೊಸೈಟಿಯಲ್ಲಿ ಯುವ ಲೇಖಕರಿಗೆ ಅವರ ಹೆಸರಿನ ಬಹುಮಾನವೂ ಇದೆ.

1949ರಲ್ಲಿ ಯುನೆಸ್ಕೊ ಆಸರೆಯಲ್ಲಿ ಶುರುವಾದ ಅಂತಾರಾಷ್ಟ್ರೀಯ ಸಂಘದ ಜಾಗತಿಕ ಮಹಾಸಮ್ಮೇಳನ ಮೊದಲ ಬಾರಿ ಏಷ್ಯಾಕ್ಕೆ ಬಂದದ್ದು 1986ರಲ್ಲಿ, ದೆಹಲಿಗೆ. ನಾಲ್ಕು ವರ್ಷದ ನಂತರ ನಮ್ಮ ದೇಶದ ಟಿ.ಕೆ. ಉಮ್ಮನ್ ಆ ಸಂಘದ ಅಧ್ಯಕ್ಷರೂ ಆದರು. ನನಗೆ ಹಿಡಿಸುವುದು ಆ ಸಂಘದ ಇನ್ನೊಂದು ಕ್ರಮ: ಬಡ ದೇಶದ ಸದಸ್ಯರಿಗೆ ಚಂದಾ ಕಡಿಮೆ. ಡಾಲರ್ ಇಲ್ಲದವನಿಗೂ ಸುದ್ದಿ ತಲುಪಲಿ ಎಂಬ ಏರ್ಪಾಡು.

ಈಗ ನನ್ನ ಕಥೆ. ಎಂ.ಎ. ಕೊನೆಯ ವರ್ಷ ನಾನೂ ಒಂದು ಪ್ರಬಂಧ ಬರೆದಿದ್ದೆ. ವಿಷಯ ನಮ್ಮ ಕುಂದಾಪುರ ಕಡೆಯ ಮನೆಗಳು. ಗಂಡಸರು ಬೊಂಬಾಯಿ ಹೋಟೆಲಿಗೋ ಗಲ್ಫಿಗೋ ಹೋದ ಮೇಲೆ ಗದ್ದೆ, ಸಾಲ, ಮಕ್ಕಳ ಶಾಲೆ ಎಲ್ಲವನ್ನೂ ಹೆಂಗಸರು ಹೇಗೆ ನಡೆಸುತ್ತಾರೆ ಅಂತ. ನಮ್ಮಮ್ಮನನ್ನೇ ಮೊದಲು ಕೇಳಿದ್ದೆ. "ಅದನ್ನೆಲ್ಲ ಬರೀತಾರನಾ ಮಗಾ?" ಅಂತ ನಕ್ಕಿದ್ದರು. ಮೇಷ್ಟ್ರು ಓದಿ, ಇದನ್ನು ಸಮ್ಮೇಳನಕ್ಕೆ ಕಳಿಸು ಅಂದರು. ಕಳಿಸಿದೆ. ಅಷ್ಟರಲ್ಲಿ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋಗಿದ್ದೆ. ಪ್ರಬಂಧ ಒಪ್ಪಿಗೆಯಾಗಿದೆ, ಬಂದು ಓದಿ ಎಂಬ ಪತ್ರ ಹಳೇ ವಿಳಾಸ ಸುತ್ತಿ ಮನೆ ತಲುಪಿದ್ದು ಸಮ್ಮೇಳನ ಮುಗಿದು ಹನ್ನೊಂದು ದಿನಕ್ಕೆ. ಯಾರನ್ನೂ ದೂರುವುದಿಲ್ಲ, ವಿಳಾಸ ಬದಲಾಯಿಸದವನು ನಾನೇ. ಮರುವರ್ಷ ಮತ್ತೆ ಕಳಿಸುವ ಅಂದುಕೊಂಡೆ. ಆದರೆ ಮರುವರ್ಷಕ್ಕೆ ನಾನು ಮಸ್ಕತ್ತಿನಲ್ಲಿದ್ದೆ, ಅಮ್ಮ ನನ್ನ ಡ್ರಾಫ್ಟಿಗೆ ಕಾಯುತ್ತಿದ್ದರು. ಯಾರ ಬಗ್ಗೆ ಬರೆದಿದ್ದೆನೋ ಅವರಲ್ಲೇ ಒಬ್ಬನಾಗಿದ್ದೆ.

1998ರಲ್ಲಿ ತಿರುವನಂತಪುರದ ಸಂಶೋಧನಾ ಕೇಂದ್ರವೊಂದು ಕೇರಳದ ಮನೆಗಳಲ್ಲಿ ವಲಸೆ ಸಮೀಕ್ಷೆ ಶುರು ಮಾಡಿತು. ಯಾರು ಹೋದರು, ಎಷ್ಟು ಕಳಿಸಿದರು, ಎಷ್ಟು ಜನ ವಾಪಸ್ ಬಂದರು ಅಂತ ಕೆಲವು ವರ್ಷಗಳಿಗೊಮ್ಮೆ ಎಣಿಸುತ್ತಾ ಬಂದಿದ್ದಾರೆ. ಹಾಗಾಗಿ ಮಲಯಾಳಿ ಗೆಳೆಯರ ಬಗ್ಗೆ ಸರ್ಕಾರದ ಮುಂದೆ ಮಾತಾಡಲು ಲೆಕ್ಕ ಇದೆ. ನಮ್ಮ ಕರಾವಳಿಯ ಗದ್ದೆಯ, ಸಾಲದ, ಮನಿಯಾರ್ಡರಿನ ಲೆಕ್ಕವನ್ನೂ ಯಾರಾದರೂ ಹೀಗೆ ಕೂತು ಬರೆಯಬೇಕು. ಬರೆಯಬಲ್ಲ ಹುಡುಗರು ನಮ್ಮ ನಡುವೆಯೇ ಇದ್ದಾರೆ.

ಕಳೆದ ವರ್ಷ ನಮ್ಮ ಕ್ಯಾಂಪಿನ ಎಲೆಕ್ಟ್ರಿಷಿಯನ್ ಹುಡುಗನೊಬ್ಬ, ಸಿಂಧನೂರು ಕಡೆಯವನು, ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರ ಎಂ.ಎ. ಕಟ್ಟಿದ್ದ. ಪರೀಕ್ಷೆ ಫೀ ತುಂಬುವ ದಿನ ಮುಗಿದ ಮೇಲೆ ಅವನಿಗೆ ಗೊತ್ತಾಯಿತು. "ಅಣ್ಣಾ, ಯಾರೂ ಹೇಳಲೇ ಇಲ್ರೀ" ಅಂದ. ಆ ರಾತ್ರಿ ನನಗೆ ಹನ್ನೊಂದು ದಿನ ತಡವಾದ ಪತ್ರ ನೆನಪಾಯಿತು. ನನ್ನದಾದರೂ ಪೋಸ್ಟಿನ ಕಾಲ. ಇವನ ಜೇಬಿನಲ್ಲಿ ಫೋನ್ ಇತ್ತು, ಪಕ್ಕದ ಬ್ಲಾಕಿನಲ್ಲಿ ನಾನಿದ್ದೆ.

ಆದ್ದರಿಂದ ಒಂದು ಕೋರಿಕೆ. ನಮ್ಮ ಸಂಘ ದಸರಾ, ರಾಜ್ಯೋತ್ಸವ ಚೆನ್ನಾಗಿ ಮಾಡುತ್ತದೆ, ಮಾಡಲಿ. ಅದರ ಜೊತೆ ತಿಂಗಳಿಗೊಂದು ಪುಟ ಹೊರಡಿಸೋಣ. ದೂರಶಿಕ್ಷಣದ ಕೊನೆಯ ದಿನಾಂಕ, ವೃತ್ತಿ ಪರೀಕ್ಷೆ, ಮಕ್ಕಳ ವಿದ್ಯಾರ್ಥಿವೇತನ, ಊರಿಗೆ ಮರಳುವವರಿಗೆ ಸಿಗುವ ಸಾಲ, ನಮ್ಮವರು ತೀರಿಕೊಂಡ ಸುದ್ದಿ, ಎಲ್ಲ ಇರಲಿ. ಕನ್ನಡದಲ್ಲಿರಲಿ. ಚಂದಾ ಕೊಡದವರ ಕ್ಯಾಂಪಿಗೂ ಹೋಗಲಿ. ಮೊದಲ ಆರು ತಿಂಗಳು ನಾನೇ ಬರೆದು ಪ್ರಿಂಟ್ ತೆಗೆಸುತ್ತೇನೆ. ಸಿಂಧನೂರಿನ ಹುಡುಗ ಶುಕ್ರವಾರ ಬಂದು ದಿನಾಂಕಗಳನ್ನು ಸರಿ ನೋಡುತ್ತೇನೆ ಅಂದಿದ್ದಾನೆ. ಈ ವರ್ಷದ ಅವನ ಫೀ ತುಂಬಿಯಾಗಿದೆ, ರಸೀದಿ ನಾನೇ ನೋಡಿದ್ದೇನೆ.