ವಾರಪತ್ರಿಕೆಯಿಂದ ಪುಸ್ತಕಕ್ಕೆ: ಕನ್ನಡ ಪ್ರೇಮಕಾದಂಬರಿಯ ಪ್ರಕಾಶನದ ಹಾದಿ

ಪ್ರೇಮ ಮತ್ತು ದಾಂಪತ್ಯವನ್ನು ವಸ್ತುವಾಗಿಸಿಕೊಂಡ ಕನ್ನಡದ ಜನಪ್ರಿಯ ಕಾದಂಬರಿಯು 20ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದುದಕ್ಕೆ ಲೇಖಕಿಯರ ಪ್ರತಿಭೆಯಷ್ಟೇ ಪ್ರಕಾಶನದ ವ್ಯವಸ್ಥೆಯೂ ಕಾರಣವಾಗಿದೆ. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ವಾರ್ಷಿಕ ಚಂದಾ ಪಡೆದು ಪುಸ್ತಕಗಳನ್ನು ಒದಗಿಸುವ, ಅಂದರೆ ಅಚ್ಚಿಗೆ ಮೊದಲೇ ಓದುಗರನ್ನು ಗೊತ್ತುಮಾಡಿಕೊಳ್ಳುವ ಪದ್ಧತಿಯನ್ನು ರೂಢಿಸಿತ್ತು. ಹೆಣ್ಣಿನ ಮನಸ್ಸಿನ ತುಮುಲಗಳನ್ನು ಚಿತ್ರಿಸಿದ ತ್ರಿವೇಣಿಯವರು (1928–1963) ಈ ಪ್ರಕಾರಕ್ಕೆ ದೊಡ್ಡ ಓದುಗವರ್ಗವನ್ನು ಗಳಿಸಿಕೊಟ್ಟರು.

1965ರಲ್ಲಿ ಆರಂಭವಾದ ‘ಸುಧಾ’ದಂತಹ ವಾರಪತ್ರಿಕೆಗಳು ಕಂತುಕಂತಾಗಿ ಪ್ರಕಟಿಸಿದ ಧಾರಾವಾಹಿಗಳು ಹೊಸ ಲೇಖಕಿಗೆ ಹೆಸರನ್ನೂ, ಪ್ರಕಾಶಕನಿಗೆ ಮಾರಾಟದ ಭರವಸೆಯನ್ನೂ ಏಕಕಾಲದಲ್ಲಿ ನೀಡಿದುದರಿಂದ, ಪತ್ರಿಕೆಯಲ್ಲಿ ಮೆಚ್ಚುಗೆ ಪಡೆದ ಕೃತಿಗೆ ಪ್ರಕಾಶಕರು ದೊರೆಯುವುದು ಸುಲಭವಾಯಿತು. ದಿನದ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ, ಗಟ್ಟಿ ರಟ್ಟು ಕಟ್ಟಿ, ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸಿದ ಒಂದೇ ಪ್ರತಿ ಹತ್ತಾರು ಮನೆಗಳನ್ನು ಸುತ್ತುತ್ತಿತ್ತು. ಇದರಿಂದ ಓದುಗರ ಸಂಖ್ಯೆ ಮುದ್ರಿತ ಪ್ರತಿಗಳ ಸಂಖ್ಯೆಯನ್ನು ಬಹುವಾಗಿ ಮೀರಿತಾದರೂ, ಮಾರಾಟವಾದ ಪ್ರತಿಗೆ ಸಲ್ಲುವ ಗೌರವಧನ, ಅಂದರೆ ರಾಯಲ್ಟಿ, ಆ ಪ್ರಮಾಣದಲ್ಲಿ ಏರಲಿಲ್ಲ. ಪುಟ್ಟಣ್ಣ ಕಣಗಾಲರು 1967ರಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ತೆರೆಗೆ ತಂದ ಮೇಲೆ, ಚಲನಚಿತ್ರದ ಹಕ್ಕು ಕಾದಂಬರಿಗೆ ಮತ್ತೊಂದು ಮಾರುಕಟ್ಟೆಯಾಗಿ ಬಲಗೊಂಡಿತು.